ಬೈಬಲಿನಲ್ಲಿ ಭರವಸೆ, ದೇವರ ಸಾನ್ನಿಧ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬೈಬಲ್ ಓದುವ ಗುಂಪಿಗೆ ಸಿಎಸ್‌ಐ ಸಭೆಯವರು, ಕಥೋಲಿಕರು, ಪೆಂತೆಕೋಸ್ತ್‌ನವರು ಎಲ್ಲ ಬರುತ್ತಾರೆ. ಯಾವ ಸಭೆಗೂ ಸೇರದವರೂ ಬರುತ್ತಾರೆ. ಆದರೆ ಕೆಲವು ಪ್ರಶ್ನೆಗಳು ಎಲ್ಲರ ಬಾಯಲ್ಲೂ ಒಂದೇ. ಅವನ್ನು ಇಲ್ಲಿ ಸೇರಿಸಿದ್ದೇನೆ. ಕಷ್ಟ ಬಂದಾಗ ಓದಲು ವಚನಗಳ ಪಟ್ಟಿ ಬೇಕು ಅಂತ ಬಂದಿದ್ದರೆ ಸ್ವಲ್ಪ ಬೇಸರ ಆಗಬಹುದು. ಒಂಟಿ ವಚನ ಕಿತ್ತುಕೊಂಡು ಓದಿ, ಅದು ನಡೆಯಲಿಲ್ಲ ಅಂತ ಬೈಬಲನ್ನೇ ಮುಚ್ಚಿಟ್ಟವರು ಬಹಳ ಜನ ಇದ್ದಾರೆ. ಹಾಗಾಗಿ ಇಲ್ಲಿನ ಉತ್ತರಗಳಲ್ಲಿ ಹೆಚ್ಚಿನವು ಇಡೀ ಅಧ್ಯಾಯ ಓದಿ ಅಂತಲೇ ಹೇಳುತ್ತವೆ.

ಮನಸ್ಸು ಪೂರ್ತಿ ಕುಸಿದಿದೆ. ಬೈಬಲಿನಲ್ಲಿ ಎಲ್ಲಿಂದ ಶುರು ಮಾಡಲಿ?

ಆದಿಕಾಂಡದ ಮೊದಲ ಪುಟದಿಂದ ಬೇಡ. ಹಾಗೆ ಶುರು ಮಾಡಿದವರು ಸಾಮಾನ್ಯವಾಗಿ ಯಾಜಕಕಾಂಡದಲ್ಲಿ ನಿಂತುಬಿಡುತ್ತಾರೆ. ರೂತಳ ಪುಸ್ತಕ ತೆಗೆಯಿರಿ. ನಾಲ್ಕೇ ಅಧ್ಯಾಯ, ಒಂದೇ ಸಲಕ್ಕೆ ಮುಗಿಯುತ್ತದೆ.

ಬೇತ್ಲೆಹೇಮಿನಲ್ಲಿ ಬರ ಬಂದು ನೊವೊಮಿ ಗಂಡ ಮಕ್ಕಳ ಜೊತೆ ಮೋವಾಬಿಗೆ ಹೋಗುತ್ತಾಳೆ. ಅಲ್ಲಿ ಗಂಡ ಸಾಯುತ್ತಾನೆ, ಇಬ್ಬರು ಗಂಡುಮಕ್ಕಳೂ ಸಾಯುತ್ತಾರೆ. ಊರಿಗೆ ವಾಪಸ್ ಬಂದಾಗ ಹೆಂಗಸರು ಗುರುತು ಹಿಡಿದು ಮಾತನಾಡಿಸಿದರೆ, ನನ್ನನ್ನು ನೊವೊಮಿ ಅನ್ನಬೇಡಿ, ಮಾರಾ ಅನ್ನಿ ಎನ್ನುತ್ತಾಳೆ. ಮಾರಾ ಅಂದರೆ ಕಹಿ. ತುಂಬಿದವಳಾಗಿ ಹೋದೆ, ದೇವರು ಬರಿಗೈಯಲ್ಲಿ ಕರೆದುಕೊಂಡು ಬಂದ ಅಂತ ನೇರವಾಗಿ ದೂರುತ್ತಾಳೆ. ಆ ಮಾತಾಡುವಾಗ ಸೊಸೆ ರೂತಳು ಪಕ್ಕದಲ್ಲೇ ನಿಂತಿದ್ದಾಳೆ! ಬರಿಗೈ ಅನ್ನುವವಳಿಗೆ ಅವಳು ಕಾಣಿಸುವುದೇ ಇಲ್ಲ.

ಈ ಪುಸ್ತಕದಲ್ಲಿ ಸಮುದ್ರ ಇಬ್ಭಾಗವಾಗುವುದಿಲ್ಲ, ದೇವದೂತ ಬರುವುದಿಲ್ಲ. ಜವೆಗೋದಿಯ ಸುಗ್ಗಿ ಇದೆ, ಹೊಲದಲ್ಲಿ ಹಕ್ಕಲಾಯುವ ಒಬ್ಬ ಪರದೇಶದ ಹೆಣ್ಣುಮಗಳಿದ್ದಾಳೆ, ಮರ್ಯಾದೆಯಾಗಿ ನಡೆದುಕೊಳ್ಳುವ ಒಬ್ಬ ಜಮೀನುದಾರನಿದ್ದಾನೆ. ಭರವಸೆ ಬೈಬಲಿನಲ್ಲಿ ಹೇಗೆ ಬರುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ.

ಯೆರೆಮೀಯ 29:11 ನನಗೆ ಸಿಕ್ಕ ವಾಗ್ದಾನ. ಆದರೂ ಯಾಕೆ ಏನೂ ನಡೀತಿಲ್ಲ?

ಈ ವಚನ ಗೊತ್ತಿಲ್ಲದ ಕ್ರೈಸ್ತರ ಮನೆ ಕಡಿಮೆ. ನಿಮ್ಮ ಬಗ್ಗೆ ನನಗಿರುವ ಯೋಚನೆ ಕೇಡಿನದ್ದಲ್ಲ, ಹಿತದ್ದು. ನಿಮಗೆ ಒಳ್ಳೆಯ ಗತಿ ಇದೆ, ನಿರೀಕ್ಷೆ ಇದೆ ಅನ್ನುವ ಅರ್ಥದ ಮಾತು. ಗೋಡೆ ಕ್ಯಾಲೆಂಡರ್, ಕಾರಿನ ಹಿಂದಿನ ಗಾಜು, ವಾಟ್ಸ್ಯಾಪ್ ಸ್ಟೇಟಸ್ ಎಲ್ಲ ಕಡೆ ಇದೆ.

ಒಂದು ವಚನ ಹಿಂದಕ್ಕೆ ಹೋಗಿ 10ನೆಯದನ್ನು ಓದಿ. ಬಾಬೆಲಿನಲ್ಲಿ, ಅಂದರೆ ಬ್ಯಾಬಿಲೋನಿನಲ್ಲಿ, 70 ವರ್ಷ ಕಳೆದ ಮೇಲೆ ಎಂದಿದೆ. ಇದು ಯೆರೂಸಲೇಮಿನಿಂದ ಪ್ರವಾದಿ ಯೆರೆಮೀಯ ಬರೆದು ಕಳಿಸಿದ ಪತ್ರ. ಕ್ರಿ.ಪೂ. 597ರ ಸುಮಾರಿಗೆ ರಾಜನ ಸಮೇತ ಸೆರೆಯಾಗಿ ಬಾಬೆಲಿಗೆ ಹೋದವರಿಗೆ ಬರೆದದ್ದು. ಪತ್ರ ತಲುಪಿದಾಗ ನಲವತ್ತು ದಾಟಿದ್ದವನಿಗೆ ಇದರ ಅರ್ಥ ಏನು? ನೀನು ಊರಿಗೆ ಹೋಗುವುದಿಲ್ಲ ಅಂತ. ಮೊಮ್ಮಕ್ಕಳು ಹೋಗಬಹುದು.

ಹಿಂದಿನ ಅಧ್ಯಾಯವನ್ನೂ ಓದಿದರೆ ಇನ್ನೂ ಗೊತ್ತಾಗುತ್ತದೆ. ಅಲ್ಲಿ ಹನನ್ಯ ಅನ್ನುವ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಗುಡಿಯಲ್ಲಿ ಜನರ ಎದುರೇ ಸಾರುತ್ತಾನೆ. ಜನಕ್ಕೆ ಬೇಕಾಗಿದ್ದು ಅದೇ ಮಾತು. ಯೆರೆಮೀಯ ಮೊದಲಿಗೆ ಆಮೆನ್, ಹಾಗೇ ಆಗಲಿ ಅನ್ನುತ್ತಾನೆ. ಆಮೇಲೆ, ಅದು ಸುಳ್ಳು ಅನ್ನುತ್ತಾನೆ. ಅವನ ಪತ್ರದಲ್ಲಿರುವ ಸಲಹೆ ಬೇರೆಯೇ ಥರದ್ದು. ಮನೆ ಕಟ್ಟಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಒಳ್ಳೆಯದಕ್ಕಾಗಿ ಪ್ರಾರ್ಥಿಸಿ.

ವಾಗ್ದಾನ ಸುಳ್ಳಲ್ಲ. ಆದರೆ ಅದನ್ನು ಹೇಳಿದ್ದು ಒಂದು ಸಮುದಾಯಕ್ಕೆ, ಅದರ ಅವಧಿ ದೊಡ್ಡದು, ಅಲ್ಲಿಯವರೆಗೆ ಮಾಡುವ ಕೆಲಸವನ್ನೂ ಅದೇ ಪತ್ರ ಹೇಳುತ್ತದೆ. ಈ ವರ್ಷ ಪ್ರಮೋಷನ್ ಸಿಗುತ್ತದೆ ಅಂತ ಅದರಲ್ಲಿ ಬರೆದಿಲ್ಲ.

ಹಾಗಾದ್ರೆ ಡಿಸೆಂಬರ್ 31ರ ರಾತ್ರಿ ವಾಗ್ದಾನದ ಕಾರ್ಡ್ ತಗೊಳ್ಳೋದು ತಪ್ಪಾ?

ತಪ್ಪೇನಿಲ್ಲ. ಹೊಸ ವರ್ಷದ ಆರಾಧನೆಯಲ್ಲಿ ಕೊಡುವ, ಒಂದೊಂದು ವಚನ ಬರೆದ ಆ ಕಾರ್ಡನ್ನು ನಾನೂ ತೆಗೆದುಕೊಳ್ಳುತ್ತೇನೆ. ಕಾರ್ಡ್ ಕೈಗೆ ಬಂದಮೇಲೆ ಮನೆಗೆ ಹೋಗಿ ಆ ಅಧ್ಯಾಯ ಪೂರ್ತಿ ಓದಿ, ಅಷ್ಟೇ. ಕಾರ್ಡಿನಲ್ಲಿ ಏನಿದೆ ಅನ್ನುವುದನ್ನು ಭವಿಷ್ಯದ ಥರ ನೋಡುವುದು ಶುರುವಾದರೆ ಮಾತ್ರ ಕಷ್ಟ. ಪಕ್ಕದವರ ಕಾರ್ಡ್ ನೋಡಿ ನಮ್ಮದು ಚೆನ್ನಾಗಿಲ್ಲ ಅಂತ ಬದಲಾಯಿಸಿಕೊಳ್ಳುವವರೂ ಇದ್ದಾರೆ!

ದೇವರು ಜೊತೆಗಿದ್ದಾನೆ ಅಂತ ಗೊತ್ತಾಗೋದು ಹೇಗೆ? ಅದ್ಭುತ ಆಗಲೇಬೇಕಾ?

1 ಅರಸುಗಳು 18 ಮತ್ತು 19ನೇ ಅಧ್ಯಾಯಗಳನ್ನು ಒಟ್ಟಿಗೆ ಓದಿ. ಬೇರೆ ಬೇರೆ ಓದಿದರೆ ಕಥೆ ಕೈಗೆ ಸಿಗುವುದಿಲ್ಲ.

18ರಲ್ಲಿ ಎಲೀಯ ಅನ್ನುವ ಪ್ರವಾದಿ ಪ್ರಾರ್ಥಿಸಿದಾಗ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಬೀಳುತ್ತದೆ. ಕಲ್ಲು, ಮಣ್ಣು, ಕಾಲುವೆಯ ನೀರು ಎಲ್ಲ ಸುಟ್ಟುಹೋಗುತ್ತದೆ. ಜನ ಅಡ್ಡಬೀಳುತ್ತಾರೆ. ಇದಕ್ಕಿಂತ ದೊಡ್ಡ ಅದ್ಭುತ ಇನ್ನೇನು ಬೇಕು, ಅಲ್ವಾ? ಆದರೆ 19ರಲ್ಲಿ ಈಜೆಬೆಲ್ ರಾಣಿ ಒಂದು ಬೆದರಿಕೆ ಕಳಿಸಿದ್ದೇ ತಡ, ಎಲೀಯ ಓಡುತ್ತಾನೆ. ಬೇರ್ಷೆಬದಲ್ಲಿ ಆಳನ್ನು ಬಿಟ್ಟು, ಒಬ್ಬನೇ ಒಂದು ದಿನದ ದಾರಿ ಅಡವಿಗೆ ಹೋಗಿ, ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ನಿನ್ನೆಮೊನ್ನೆಯ ಬೆಂಕಿ ಅವನನ್ನು ಹಿಡಿದು ನಿಲ್ಲಿಸಲಿಲ್ಲ.

ಆಗ ಏನಾಗುತ್ತದೆ ನೋಡಿ. ಅವನು ಮಲಗುತ್ತಾನೆ. ದೂತನೊಬ್ಬ ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅನ್ನುತ್ತಾನೆ. ತಲೆಯ ಹತ್ತಿರ ಬಿಸಿ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಬೈಯುವುದಿಲ್ಲ, ನಿದ್ದೆ ಮಾಡಲು ಬಿಡುತ್ತಾನೆ. ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ, ದಾರಿ ದೂರ ಇದೆ ಅನ್ನುತ್ತಾನೆ. ಇಲ್ಲಿ ಉಪದೇಶದ ಒಂದು ಸಾಲೂ ಇಲ್ಲ.

ಆಮೇಲೆ ಹೋರೇಬ್ ಬೆಟ್ಟದ ಗವಿ. ದೊಡ್ಡ ಗಾಳಿ ಬಂತು, ಅದರಲ್ಲಿ ದೇವರು ಇರಲಿಲ್ಲ. ಭೂಕಂಪ, ಅದರಲ್ಲೂ ಇರಲಿಲ್ಲ. ಬೆಂಕಿ, ಅದರಲ್ಲೂ ಇಲ್ಲ. ಕೊನೆಗೆ ಒಂದು ಸಣ್ಣ ದನಿ. ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ನೀವು ನಿಲ್ಲಬೇಡಿ. ಎಲೀಯನೇ, ಇಲ್ಲೇನು ಮಾಡುತ್ತಿದ್ದೀಯ ಅಂತ ದೇವರು ಎರಡು ಸಲ ಕೇಳುತ್ತಾನೆ. ಗಾಳಿಗಿಂತ ಮೊದಲು ಒಮ್ಮೆ, ಸಣ್ಣ ದನಿ ಕೇಳಿದ ಮೇಲೆ ಒಮ್ಮೆ. ಎಲೀಯನ ಉತ್ತರ ಎರಡು ಸಲವೂ ಒಂದೇ: ನಾನೊಬ್ಬನೇ ಉಳಿದಿದ್ದೇನೆ, ನನ್ನನ್ನೂ ಕೊಲ್ಲಲು ಹುಡುಕುತ್ತಿದ್ದಾರೆ. 10 ಮತ್ತು 14ನೇ ವಚನ ಪಕ್ಕ ಪಕ್ಕ ಇಟ್ಟು ನೋಡಿ. ಅಂಥ ದರ್ಶನ ಆದಮೇಲೂ ಅವನ ಮನಸ್ಸು ಒಂದಿಂಚು ಬದಲಾಗಿಲ್ಲ.

ದೇವರು ಅವನ ಜೊತೆ ವಾದ ಮಾಡುವುದಿಲ್ಲ. ಬಂದ ದಾರಿಯಲ್ಲೇ ವಾಪಸ್ ಹೋಗು, ಇಂಥಿಂಥವರನ್ನು ಅಭಿಷೇಕ ಮಾಡು, ಎಲೀಷನನ್ನು ನಿನ್ನ ಜಾಗಕ್ಕೆ ಕರೆದುಕೋ ಅನ್ನುತ್ತಾನೆ. ಅಂದಹಾಗೆ, ಬಾಳ ಅನ್ನುವ ಅನ್ಯದೇವತೆಗೆ ಮಂಡಿಯೂರದ 7000 ಜನ ಇನ್ನೂ ಇದ್ದಾರೆ ಅಂತಲೂ ಸೇರಿಸುತ್ತಾನೆ. ರೊಟ್ಟಿ, ನಿದ್ದೆ, ಮಾಡಲೊಂದು ಕೆಲಸ, ಜೊತೆಗೊಬ್ಬ ಮನುಷ್ಯ. ಈ ಅಧ್ಯಾಯದಲ್ಲಿ ದೇವರ ಸಾನ್ನಿಧ್ಯದ ಗುರುತು ಅಂದರೆ ಇವು. ನಿಮಗೆ ಇವುಗಳಲ್ಲಿ ಯಾವುದಾದರೂ ಈ ವಾರ ಸಿಕ್ಕಿದ್ದರೆ ಅದನ್ನು ಚಿಕ್ಕದು ಅಂತ ತಳ್ಳಿಹಾಕಬೇಡಿ.

ದೇವರ ಹತ್ತಿರ ಗುರುತು ಕೇಳಬಹುದಾ? ಗಿದ್ಯೋನ ಕೇಳಿದ್ನಲ್ಲ?

ಕೇಳಿದ್ದ. ನ್ಯಾಯಸ್ಥಾಪಕರು 6ರಲ್ಲಿ ಕುರಿಯ ಉಣ್ಣೆಯನ್ನು ಕಣದಲ್ಲಿ ಇಡುತ್ತಾನೆ. ಮೊದಲ ರಾತ್ರಿ ಉಣ್ಣೆ ಮಾತ್ರ ಒದ್ದೆ ಆಗಬೇಕು, ನೆಲ ಒಣಗಿರಬೇಕು. ಹಾಗೇ ಆಗುತ್ತದೆ, ಹಿಂಡಿದರೆ ಒಂದು ಬಟ್ಟಲು ನೀರು. ಎರಡನೇ ರಾತ್ರಿ ಉಲ್ಟಾ ಕೇಳುತ್ತಾನೆ. ಆದರೆ ಒಂದು ವಿಷಯ ಮರೆಯಬಾರದು. ಏನು ಮಾಡಬೇಕು ಅನ್ನುವುದು ಅವನಿಗೆ ಆಗಲೇ ಗೊತ್ತಿತ್ತು. ಇಸ್ರಾಯೇಲ್ಯರನ್ನು ಮಿದ್ಯಾನ್ಯರ ಕೈಯಿಂದ ಬಿಡಿಸು ಅಂತ ದೇವರು ಸ್ಪಷ್ಟವಾಗಿ ಹೇಳಿದ್ದ, ಬಂಡೆಯಿಂದ ಬೆಂಕಿ ಬಂದು ಅವನು ತಂದ ಊಟ ಸುಟ್ಟೂ ಆಗಿತ್ತು. ಅವನು ಕೇಳಿದ್ದು ಭಯಕ್ಕೆ. ಕೋಪ ಮಾಡಿಕೊಳ್ಳಬೇಡ ಅಂತ ಅವನೇ ಬೇಡಿಕೊಳ್ಳುತ್ತಾನೆ. ದೇವರು ಆ ಭಯವನ್ನು ಸಹಿಸಿಕೊಂಡ ಅನ್ನುವುದು ಇಲ್ಲಿನ ಸಿಹಿ ಸುದ್ದಿ. ನೋಡಲು ಬಂದ ಹುಡುಗನನ್ನು ಒಪ್ಪಬೇಕೋ ಬೇಡವೋ ಅನ್ನುವುದಕ್ಕೆ ನಾಳೆ ಬೆಳಗ್ಗೆ ಮಳೆ ಬರಲಿ ಅಂತ ಕೇಳಲು ಇದು ದಾರಿ ತೋರಿಸುವುದಿಲ್ಲ.

ಯೇಸುವಂತೂ ಅಡವಿಯಲ್ಲಿ ಸೈತಾನನಿಗೆ, ದೇವರನ್ನು ಪರೀಕ್ಷಿಸಬೇಡ ಅನ್ನುವ ಧರ್ಮೋಪದೇಶಕಾಂಡದ ಮಾತನ್ನೇ ತಿರುಗಿಸಿ ಹೇಳುತ್ತಾನೆ. ಹಾಗಂತ ಬೈಬಲ್ ಇಲ್ಲಿ ಒಂದೇ ರಾಗ ಹಾಡುವುದಿಲ್ಲ. ಯೆಶಾಯ 7ರಲ್ಲಿ ದೇವರೇ ಆಹಾಜ ರಾಜನಿಗೆ ಗುರುತು ಕೇಳು ಅನ್ನುತ್ತಾನೆ. ಆಹಾಜ, ಅಯ್ಯೋ ನಾನು ದೇವರನ್ನು ಪರೀಕ್ಷಿಸಲ್ಲ ಅಂತ ಭಕ್ತನ ಥರ ಮಾತಾಡುತ್ತಾನೆ. ಅವನಿಗೆ ನಂಬುವ ಮನಸ್ಸೇ ಇರಲಿಲ್ಲ. ಕೇಳದಿದ್ದದ್ದೇ ಅವನ ತಪ್ಪಾಯಿತು. ಕ್ರೈಸ್ತರು ಕ್ರಿಸ್‌ಮಸ್‌ನಲ್ಲಿ ಓದುವ ಇಮ್ಮಾನುವೇಲನ (ಅಂದರೆ ದೇವರು ನಮ್ಮ ಸಂಗಡ) ವಚನ ಬಂದದ್ದು ಆ ಸಂದರ್ಭದಲ್ಲಿ.

ದೇವರ ಮೇಲೇ ಸಿಟ್ಟು ಬಂದಿದೆ. ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ. ಇದು ಪಾಪವಾ?

ಕೀರ್ತನೆಗಳ ಪುಸ್ತಕದಲ್ಲಿ 150 ಕೀರ್ತನೆಗಳಿವೆ. ಅವುಗಳಲ್ಲಿ ಮೂರನೇ ಒಂದು ಭಾಗಕ್ಕೂ ಜಾಸ್ತಿ ಗೋಳಿನ, ದೂರಿನ ಹಾಡುಗಳು. ಸಿಟ್ಟು ಪಾಪವಾಗಿದ್ದರೆ ಅವನ್ನೆಲ್ಲ ಪ್ರಾರ್ಥನೆ ಪುಸ್ತಕದಲ್ಲಿ ಇಡುತ್ತಿರಲಿಲ್ಲ.

13ನೇ ಕೀರ್ತನೆ ತೆಗೆಯಿರಿ. ಮೊದಲ ಎರಡು ವಚನಗಳಲ್ಲೇ ಎಷ್ಟರ ತನಕ ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅದರ ಕೊನೆಯಲ್ಲಾದರೂ ಸ್ವಲ್ಪ ಬೆಳಕಿದೆ. 88ರಲ್ಲಿ ಅದೂ ಇಲ್ಲ. ಹಗಲೂ ರಾತ್ರಿ ಕೂಗುತ್ತಿದ್ದೇನೆ, ನನ್ನ ಗೆಳೆಯರನ್ನೆಲ್ಲ ನೀನೇ ದೂರ ಮಾಡಿದೆ ಅಂತ ಹೇಳಿ ಕತ್ತಲೆಯಲ್ಲೇ ಮುಗಿಯುತ್ತದೆ. ಇದನ್ನು ಯಾರೂ ಕ್ಯಾಲೆಂಡರಿನಲ್ಲಿ ಹಾಕುವುದಿಲ್ಲ. ಆದರೂ ಇದು ಪ್ರಾರ್ಥನೆಯೇ, ಯಾಕೆಂದರೆ ಮೊದಲಿನಿಂದ ಕೊನೆಯ ತನಕ ಅದು ದೇವರ ಜೊತೆಗೇ ಮಾತಾಡುತ್ತದೆ. ಬೆನ್ನು ತಿರುಗಿಸಿ ಹೋಗಿಲ್ಲ.

ಪ್ರಲಾಪಗಳು ಇನ್ನೊಂದು. ಕ್ರಿ.ಪೂ. 587ರ ಸುಮಾರಿಗೆ ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುಟ್ಟ ಮೇಲಿನ ಐದು ಶೋಕಗೀತೆಗಳು. ದೇವರ ಕರುಣೆ ಪ್ರತಿ ಬೆಳಗ್ಗೆ ಹೊಸದು ಅನ್ನುವ ಪ್ರಸಿದ್ಧ ಮಾತು ಇರುವುದು ಇದರ ನಡುಮಧ್ಯೆ, 3:22 ಮತ್ತು 23ರಲ್ಲಿ. ಅದರ ಹಿಂದೆ ಮುಂದೆ ಹಸಿದ ಮಕ್ಕಳು, ಪಾಳುಬಿದ್ದ ಬೀದಿಗಳು. ಪುಸ್ತಕ ಮುಗಿಯುವುದೂ, ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯಾ ಅನ್ನುವ ದನಿಯಲ್ಲಿ. ಯೆಹೂದ್ಯರು ಸಭಾಮಂದಿರದಲ್ಲಿ ಇದನ್ನು ಓದುವಾಗ ಕೊನೆಯ ವಚನದಲ್ಲಿ ನಿಲ್ಲಿಸಲು ಮನಸ್ಸು ಬಾರದೆ, ಅದರ ಹಿಂದಿನ ವಚನವನ್ನು ಇನ್ನೊಮ್ಮೆ ಓದುವ ಪದ್ಧತಿ ಇದೆ. ಆ ಪದ್ಧತಿ ನನಗೆ ತುಂಬ ಇಷ್ಟ. ಪುಸ್ತಕವನ್ನು ತಿದ್ದಲಿಲ್ಲ, ಆದರೆ ಜನರನ್ನು ಅಲ್ಲಿಗೇ ಬಿಟ್ಟು ಮನೆಗೆ ಕಳಿಸಲೂ ಇಲ್ಲ.

ಯೇಸು ಶಿಲುಬೆಯ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು: ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ? ಇಷ್ಟು ಹೇಳಿದರೆ ಸಾಕಲ್ಲ?

ಅವರ ಮಗು ಉಳೀತು, ನಮ್ಮದು ಉಳೀಲಿಲ್ಲ. ನಮ್ಮ ನಂಬಿಕೆ ಕಡಿಮೆ ಇತ್ತಾ?

ಇಲ್ಲ. ಯಾರಾದರೂ ನಿಮಗೆ ಹಾಗೆ ಹೇಳಿದ್ದರೆ ಅವರು ಅಪೊಸ್ತಲರ ಕೃತ್ಯಗಳು 12ನ್ನು ಸರಿಯಾಗಿ ಓದಿಲ್ಲ.

ಅದೇ ಹೆರೋದ ರಾಜ, ಅದೇ ಸಭೆ, ಅದೇ ದಿನಗಳು. ಜೆಬೆದಾಯನ ಮಗ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದಕ್ಕೆ ಒಂದೇ ವಾಕ್ಯ. ಮುಂದೆ ಪೇತ್ರನನ್ನು ಹಿಡಿಯುತ್ತಾನೆ. ಪೇತ್ರನಿಗೆ ಸರಪಳಿ ಕಳಚಿ ಬೀಳುತ್ತದೆ, ಕಬ್ಬಿಣದ ಬಾಗಿಲು ತಾನಾಗಿ ತೆರೆಯುತ್ತದೆ. ಒಬ್ಬ ಸತ್ತ, ಒಬ್ಬ ಉಳಿದ. ಯಾಕೆ ಅಂತ ಈ ಪುಸ್ತಕ ಬರೆದ ಲೂಕ ವಿವರಿಸುವುದಿಲ್ಲ.

ಪೇತ್ರನಿಗಾಗಿ ಪ್ರಾರ್ಥಿಸುತ್ತಿದ್ದವರ ನಂಬಿಕೆ ಎಷ್ಟಿತ್ತು ಅನ್ನುವುದನ್ನೂ ಆ ಅಧ್ಯಾಯ ತೋರಿಸುತ್ತದೆ, ಅದೂ ನಗು ಬರುವ ಹಾಗೆ. ಪೇತ್ರ ಬಂದು ಬಾಗಿಲು ತಟ್ಟುತ್ತಾನೆ. ರೋದೆ ಅನ್ನುವ ಕೆಲಸದ ಹುಡುಗಿ ಅವನ ದನಿ ಗುರುತಿಸಿ, ಖುಷಿಯಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಒಳಗೆ ಪ್ರಾರ್ಥಿಸುತ್ತಿದ್ದವರು, ನಿನಗೆ ಹುಚ್ಚು ಅನ್ನುತ್ತಾರೆ. ಪೇತ್ರ ಹೊರಗೆ ತಟ್ಟುತ್ತಲೇ ಇರುತ್ತಾನೆ. ಅಂದರೆ ಅವನು ಬಿಡುಗಡೆ ಆದದ್ದು ಅವರ ನಂಬಿಕೆ ಗಟ್ಟಿಯಾಗಿತ್ತು ಅಂತಲ್ಲ.

ಪೌಲನೂ ತನ್ನ ಶರೀರದ ಮುಳ್ಳು ತೆಗೆ ಅಂತ ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. ನನ್ನ ಕೃಪೆ ಸಾಕು ಅನ್ನುವ ಉತ್ತರ ಬಂತು. ಪೌಲನಿಗೆ ನಂಬಿಕೆ ಕಡಿಮೆ ಇತ್ತು ಅಂತ ಯಾರೂ ಹೇಳುವುದಿಲ್ಲವಲ್ಲ.

ದೇವರ ಸುದ್ದಿಯೇ ಇಲ್ಲದ ಪುಸ್ತಕ ಬೈಬಲಿನಲ್ಲಿದೆ ಅಂತಾರೆ, ಹೌದಾ?

ಹೌದು, ಎಸ್ತೇರಳ ಪುಸ್ತಕ. ಹೀಬ್ರೂ ಮೂಲದಲ್ಲಿ ದೇವರ ಹೆಸರು ಒಂದು ಸಲವೂ ಇಲ್ಲ. ಕಥೆ ತಿರುಗುವುದು ಪರ್ಷಿಯದ ರಾಜನಿಗೆ ಒಂದು ರಾತ್ರಿ ನಿದ್ದೆ ಬಾರದ್ದರಿಂದ! ನಿದ್ದೆ ಬರಲಿ ಅಂತ ಹಳೆಯ ದಾಖಲೆ ಪುಸ್ತಕ ಓದಿಸುತ್ತಾನೆ, ಅದರಲ್ಲಿ ಮೊರ್ದೆಕೈ ತನ್ನ ಪ್ರಾಣ ಉಳಿಸಿದ ವಿಷಯ ಸಿಗುತ್ತದೆ. ಇದು ಕಾಕತಾಳೀಯವೋ ದೇವರ ಕೈಯೋ ಅಂತ ಬರೆದವನು ಹೇಳುವುದಿಲ್ಲ. ಇದು ಹಳಬರಿಗೂ ಇರಿಸುಮುರಿಸು ಮಾಡಿರಬೇಕು. ಗ್ರೀಕ್ ಆವೃತ್ತಿಯಲ್ಲಿ ಎಸ್ತೇರಳ ಮತ್ತು ಮೊರ್ದೆಕೈಯ ಪ್ರಾರ್ಥನೆಗಳು ಸೇರಿಕೊಂಡಿವೆ. ಕಥೋಲಿಕ ಬೈಬಲಿನಲ್ಲಿ ಆ ಭಾಗಗಳೂ ಇವೆ.

ಎಲ್ಲ ಮುಗಿದೇ ಹೋಯ್ತು ಅನ್ನೋ ಸ್ಥಿತಿಯಲ್ಲಿ ನಿರೀಕ್ಷೆ ಇಟ್ಟುಕೊಳ್ಳೋದು ಅಂದ್ರೆ ಏನು? ಸುಮ್ನೆ ಸಮಾಧಾನ ಮಾಡಿಕೊಳ್ಳೋದಾ?

ಯೆರೆಮೀಯ 32. ನನ್ನ ಲೆಕ್ಕದಲ್ಲಿ ಇಡೀ ಬೈಬಲಿನಲ್ಲಿ ನಿರೀಕ್ಷೆಯ ಬಗ್ಗೆ ಇರುವ ಅತ್ಯುತ್ತಮ ಅಧ್ಯಾಯ. ಅದರಲ್ಲಿ ನಡೆಯುವುದು ಒಂದು ಜಮೀನಿನ ನೋಂದಣಿ.

ಯೆಹೂದದ ರಾಜ ಚಿದ್ಕೀಯನ ಆಳಿಕೆಯ ಹತ್ತನೇ ವರ್ಷ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಊರು ಬೀಳುತ್ತದೆ ಅಂತ ಹೇಳಿದ ತಪ್ಪಿಗೆ ಯೆರೆಮೀಯ ಅರಮನೆಯ ಕಾವಲಿನವರ ಅಂಗಳದಲ್ಲಿ ಬಂಧನದಲ್ಲಿದ್ದಾನೆ. ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ಹೊಲ ಕೊಂಡುಕೋ, ಹಕ್ಕು ನಿನ್ನದೇ ಅನ್ನುತ್ತಾನೆ. ಶತ್ರು ಸೈನ್ಯ ಬೀಡುಬಿಟ್ಟಿರುವ ನಾಡಿನಲ್ಲಿ ಹೊಲ ಮಾರಲು ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗುವುದಿಲ್ಲ ಅಂತ ಹನಮೇಲನಿಗೆ ಅನಿಸಿರಬಹುದು.

ಯೆರೆಮೀಯ ಕೊಂಡುಕೊಳ್ಳುತ್ತಾನೆ. 17 ಶೆಕೆಲ್ ಬೆಳ್ಳಿ, ಈಗಿನ ತೂಕದಲ್ಲಿ ಸುಮಾರು 200 ಗ್ರಾಂ. ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಪತ್ರ ಬರೆಸಿ, ಸಹಿ ಹಾಕಿ, ಮುದ್ರೆ ಒತ್ತಿ, ಸಾಕ್ಷಿಗಳಿಂದ ರುಜು ಮಾಡಿಸುತ್ತಾನೆ. ಮುದ್ರೆ ಹಾಕಿದ ಪ್ರತಿ ಒಂದು, ತೆರೆದ ಪ್ರತಿ ಒಂದು. ನಮ್ಮ ಸಬ್‌ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬಂದವರಿಗೆ ಈ ಭಾಗ ಓದುವಾಗ ಎಲ್ಲ ಪರಿಚಯದ್ದೇ ಅನಿಸುತ್ತದೆ. ಹೀಗೆ ಒಂದು ಭಾಗ ಮಡಿಸಿ ಮುದ್ರೆ ಹಾಕಿ ಇನ್ನೊಂದನ್ನು ತೆರೆದಿಟ್ಟ ಪತ್ರಗಳು, ಇದಕ್ಕಿಂತ ಕೆಲವು ಶತಮಾನ ಈಚಿನವು, ಮೃತ ಸಮುದ್ರದ ಹತ್ತಿರದ ಗವಿಗಳಲ್ಲಿ ಸಿಕ್ಕಿವೆ. ಯೆರೆಮೀಯ ಪತ್ರಗಳನ್ನು ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹಳ ದಿನ ಉಳಿಯುವ ಹಾಗೆ ಮಣ್ಣಿನ ಗಡಿಗೆಯಲ್ಲಿ ಇಡು ಅನ್ನುತ್ತಾನೆ. ಈ ನಾಡಿನಲ್ಲಿ ಮನೆ, ಹೊಲ, ದ್ರಾಕ್ಷಿ ತೋಟಗಳ ವ್ಯಾಪಾರ ಮತ್ತೆ ನಡೆಯುತ್ತದೆ ಅನ್ನುವುದು ದೇವರ ಮಾತು.

ದುಡ್ಡು ಕೊಟ್ಟು ಪತ್ರ ಆದಮೇಲೆ ಅವನು ಪ್ರಾರ್ಥಿಸುತ್ತಾನೆ. ಆ ಪ್ರಾರ್ಥನೆಯ ಕೊನೆಯಲ್ಲಿ ಅವನ ಗೊಂದಲ ಹೊರಗೆ ಬರುತ್ತದೆ: ಸ್ವಾಮಿ, ಮುತ್ತಿಗೆಯ ದಿಬ್ಬಗಳು ಗೋಡೆಯ ತನಕ ಬಂದಿವೆ, ನೀನು ನೋಡಿದರೆ ಹೊಲ ಕೊಂಡುಕೋ ಅನ್ನುತ್ತೀಯಲ್ಲ! ಮೊದಲು ಸಹಿ, ಆಮೇಲೆ ಸಂಶಯ. ಮನಸ್ಸು ಗಟ್ಟಿಯಾಗುವ ತನಕ ಅವನು ಕಾಯಲಿಲ್ಲ.

ಆ ಹೊಲದಲ್ಲಿ ಅವನು ಬೆಳೆ ತೆಗೆದ ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ. ಯೆರೂಸಲೇಮ್ ಬಿದ್ದ ಮೇಲೆ ಅವನ ಜನವೇ ಅವನನ್ನು ಐಗುಪ್ತಕ್ಕೆ ಕರೆದುಕೊಂಡು ಹೋದರು. ಹಾಗಾಗಿ ಇದನ್ನು ಸುಮ್ನೆ ಸಮಾಧಾನ ಅನ್ನಲು ಆಗುವುದಿಲ್ಲ. ಸಮಾಧಾನಕ್ಕೆ ಯಾರೂ ಬೆಳ್ಳಿ ತೂಗಿ ಕೊಡುವುದಿಲ್ಲ.

ನಾನು ಕ್ರೈಸ್ತಳಲ್ಲ. ನನಗೂ ಇದರಲ್ಲಿ ಏನಾದರೂ ಇದೆಯಾ?

ಹಾಗರಳನ್ನು ಓದಿ, ಆದಿಕಾಂಡ 16 ಮತ್ತು 21. ಐಗುಪ್ತದವಳು, ಅಬ್ರಾಮನ ಹೆಂಡತಿ ಸಾರಯಳ ದಾಸಿ, ಬಸುರಿ, ಕಾಟ ತಾಳಲಾರದೆ ಓಡಿಬಂದವಳು. ಅಬ್ರಾಮನ ಮನೆಯವರು ಯಾರೂ ಅವಳ ಹೆಸರು ಹಿಡಿದು ಮಾತಾಡುವುದು ಈ ಕಥೆಯಲ್ಲಿ ಕಾಣುವುದಿಲ್ಲ. ಅವರಿಗೆ ಅವಳು ದಾಸಿ ಅಷ್ಟೇ. ಮೊದಲ ಸಲ ಹಾಗರಳೇ ಅಂತ ಕರೆಯುವುದು ಅಡವಿಯ ಬುಗ್ಗೆಯ ಹತ್ತಿರ ಬಂದ ದೂತ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತಿದ್ದೀಯ ಅಂತ ಕೇಳುತ್ತಾನೆ. ಬೈಬಲಿನಲ್ಲಿ ದೇವರಿಗೆ ತಾನೇ ಒಂದು ಹೆಸರು ಇಡುವ ಮೊದಲ ವ್ಯಕ್ತಿ ಇವಳೇ. ನನ್ನನ್ನು ನೋಡುವ ದೇವರು ಅಂತ ಇಡುತ್ತಾಳೆ.

ಕಥೆ ಸಲೀಸಾಗಿಲ್ಲ. ದೂತ ಅವಳನ್ನು ಅದೇ ಯಜಮಾನಿಯ ಹತ್ತಿರ ವಾಪಸ್ ಕಳಿಸುತ್ತಾನೆ. ಇದು ನನಗೆ ಈಗಲೂ ಕಷ್ಟದ ಸಾಲು. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಣ್ಣುಮಕ್ಕಳಿಗೆ ಇದನ್ನು ತೋರಿಸಿ ಸಹಿಸಿಕೋ ಅನ್ನುವುದು ಶುದ್ಧ ತಪ್ಪು. ಆ ಸಾಲು ಹೇಳಿದ್ದು ಒಬ್ಬಳಿಗೆ, ಒಂದು ಸಂದರ್ಭದಲ್ಲಿ. 21ರಲ್ಲಿ ಅವಳು ಆ ಮನೆಯಿಂದ ಪೂರ್ತಿ ಹೊರಬಂದಾಗಲೂ ದೇವರು ಅವಳ ಜೊತೆಗೇ ಇದ್ದಾನೆ. ತಿತ್ತಿಯ ನೀರು ಮುಗಿದು, ಮಗ ಸಾಯುವುದನ್ನು ನೋಡಲಾರೆ ಅಂತ ಬಾಣ ಎಸೆಯುವಷ್ಟು ದೂರ ಹೋಗಿ ಕೂತು ಅಳುತ್ತಾಳೆ. ಆಗ ದೇವರು ಅವಳ ಕಣ್ಣು ತೆರೆದ, ಅವಳು ಬಾವಿ ಕಂಡಳು ಅಂತ ಬರೆದಿದೆ. ಹೊಸದಾಗಿ ಬಾವಿ ಹುಟ್ಟಿತು ಅಂತ ಬರೆದಿಲ್ಲ.

ನನಗೆ ಸಂಶಯ ಜಾಸ್ತಿ. ನನ್ನಂಥವರಿಗೆ ದೇವರು ಸಿಗ್ತಾನಾ?

ಮತ್ತಾಯನ ಸುವಾರ್ತೆಯ ಕೊನೆಯಲ್ಲಿ, ಯಾವಾಗಲೂ ನಿಮ್ಮ ಸಂಗಡ ಇರುತ್ತೇನೆ ಅನ್ನುವ ಯೇಸುವಿನ ಮಾತಿದೆ. ಅದಕ್ಕೆ ಮೂರು ವಚನ ಹಿಂದೆ, ಶಿಷ್ಯರು ಅಡ್ಡಬಿದ್ದರು, ಕೆಲವರು ಸಂಶಯಪಟ್ಟರು ಅಂತ ಇದೆ. ಸಂಶಯಪಟ್ಟವರು ಆ ಕಡೆ ನಿಲ್ಲಿ ಅಂತ ಯೇಸು ಹೇಳಲಿಲ್ಲ. ಮಾರ್ಕನ ಸುವಾರ್ತೆಯನ್ನಂತೂ ಕೇಳಲೇಬೇಡಿ. 4ನೇ ಶತಮಾನದ ಎರಡು ಹಳೆಯ ಹಸ್ತಪ್ರತಿಗಳಲ್ಲಿ ಅದು 16:8ಕ್ಕೇ ಮುಗಿಯುತ್ತದೆ: ಸಮಾಧಿಗೆ ಹೋದ ಹೆಂಗಸರು ನಡುಗಿ ಓಡಿಹೋದರು, ಹೆದರಿಕೆಗೆ ಯಾರಿಗೂ ಏನೂ ಹೇಳಲಿಲ್ಲ.

ಡಿಪ್ರೆಷನ್‌ಗೆ ಬೈಬಲ್ ಓದಿದ್ರೆ ಸಾಕಾ, ಡಾಕ್ಟರ್ ಬೇಕಾ?

ಡಾಕ್ಟರ್ ಬೇಕು. ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ ಹತ್ತಿರದವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಾತ್ರೆ ತೆಗೆದುಕೊಳ್ಳುವುದು ಅವಿಶ್ವಾಸ ಅಂತ ಹೇಳುವವರಿಗೆ ಎಲೀಯನ ರೊಟ್ಟಿ ಮತ್ತು ನಿದ್ದೆಯನ್ನು ನೆನಪಿಸಿ.

ಸಾವಾದ ಮನೆಗೆ ಹೋದಾಗ ಯಾವ ವಚನ ಓದಬೇಕು?

ಅವರು ಕೇಳಿದರೆ ಓದಿ. ಕೇಳದಿದ್ದರೆ ಪಕ್ಕದಲ್ಲಿ ಕೂತುಕೊಳ್ಳಿ. ಯೋಬನ ಮೂವರು ಗೆಳೆಯರು ಅವನ ನೋವು ನೋಡಿ ಏಳು ದಿನ ಏಳು ರಾತ್ರಿ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರು. ಬಾಯಿ ತೆರೆದ ಮೇಲೆ ಕೆಟ್ಟಿತು. ಕೊನೆಗೆ ದೇವರು, ಯೋಬ ಮಾತಾಡಿದ್ದು ಸರಿ, ನೀವು ಮಾತಾಡಿದ್ದು ಸರಿಯಲ್ಲ ಅಂತ ಅವರಿಗೇ ಹೇಳುತ್ತಾನೆ. ಅವರ ಭಾಷಣಗಳಲ್ಲಿ ದೇವರನ್ನು ಹೊಗಳುವ ಮಾತುಗಳೇ ತುಂಬಿದ್ದವು ಅನ್ನುವುದು ಗಮನದಲ್ಲಿರಲಿ. ದೇವರಿಗೆ ಒಬ್ಬ ದೂತ ಬೇಕಿದ್ದ, ಅದಕ್ಕೇ ಕರೆದುಕೊಂಡ ಅಂತ ಮಗು ಕಳೆದುಕೊಂಡ ತಾಯಿಗೆ ದಯವಿಟ್ಟು ಹೇಳಬೇಡಿ. ಅದು ಬೈಬಲಿನಲ್ಲಿ ಎಲ್ಲೂ ಇಲ್ಲ.

ಬಾಯಿ ತೆರೆಯಲೇಬೇಕಾದರೆ ಲೂಕ 24ರ ಎಮ್ಮಾಹು ದಾರಿಯ ಕಥೆ ಇಟ್ಟುಕೊಳ್ಳಿ. ಯೇಸು ಸತ್ತ ಮೇಲೆ ಇಬ್ಬರು ಸುಮಾರು 11 ಕಿಲೋಮೀಟರ್ ದಾರಿ ನಡೆಯುತ್ತಿದ್ದಾರೆ. ಒಬ್ಬನ ಹೆಸರು ಕ್ಲೆಯೊಫ, ಇನ್ನೊಬ್ಬರ ಹೆಸರು ಕೊಟ್ಟಿಲ್ಲ. ಅಪರಿಚಿತನೊಬ್ಬ ಜೊತೆಯಾಗಿ, ಏನು ಮಾತಾಡುತ್ತಿದ್ದೀರಿ ಅಂತ ಕೇಳುತ್ತಾನೆ. ಎಲ್ಲ ಗೊತ್ತಿದ್ದೂ ಕೇಳುತ್ತಾನೆ! ಅವರು ತಮ್ಮ ನಿರಾಸೆಯನ್ನೆಲ್ಲ ಹೇಳಿಕೊಳ್ಳುವ ತನಕ ಕೇಳಿಸಿಕೊಳ್ಳುತ್ತಾನೆ. ದಾರಿಯುದ್ದಕ್ಕೂ ಶಾಸ್ತ್ರ ವಿವರಿಸಿದಾಗಲೂ ಅವರಿಗೆ ಅವನ ಗುರುತು ಸಿಗಲಿಲ್ಲ. ಸಂಜೆಯಾಯಿತು, ಇಲ್ಲೇ ಉಳಿದುಕೊಳ್ಳಿ ಅಂತ ಒತ್ತಾಯ ಮಾಡಿ ಊಟಕ್ಕೆ ಕೂರಿಸಿ, ಅವನು ರೊಟ್ಟಿ ಮುರಿದಾಗಲೇ ಗುರುತು ಸಿಕ್ಕಿದ್ದು.

ಪ್ರಕಟನೆ ಪುಸ್ತಕ ಓದಿದ್ರೆ ಭಯ ಆಗುತ್ತೆ. ಬಿಟ್ಟುಬಿಡ್ಲಾ?

ಸದ್ಯಕ್ಕೆ ಮೊದಲ ಮೂರು ಮತ್ತು ಕೊನೆಯ ಎರಡು ಅಧ್ಯಾಯ ಓದಿ. ಈಗಿನ ಟರ್ಕಿಯಲ್ಲಿದ್ದ ಏಳು ಸಭೆಗಳಿಗೆ, ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನ ಬರೆದದ್ದು. ಕಷ್ಟದಲ್ಲಿದ್ದವರಿಗೆ ಧೈರ್ಯ ಹೇಳಲು ಬರೆದದ್ದು, ಅದರಲ್ಲಿ ಬರುವ ಮೃಗದ ಸಂಖ್ಯೆ 666ರ ಲೆಕ್ಕ ಹಾಕಿ ವಿಡಿಯೋ ಮಾಡಲಿ ಅಂತ ಅಲ್ಲ.

ಯಾವ ಕನ್ನಡ ಬೈಬಲ್ ಓದೋದು ಒಳ್ಳೇದು?

ಮನೆಯಲ್ಲಿ ಇರುವುದನ್ನೇ ಓದಿ. ಇಡೀ ಬೈಬಲ್ ಕನ್ನಡಕ್ಕೆ ಬಂದದ್ದು 1830ರ ದಶಕದ ಆರಂಭಕ್ಕೆ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮುಂತಾದವರ ದುಡಿಮೆಯಿಂದ. ಆಮೇಲೆ ಬಹಳ ಸಲ ತಿದ್ದಿದ್ದಾರೆ, ಹೊಸ ಅನುವಾದಗಳೂ ಬಂದಿವೆ. ಕೀರ್ತನೆಗಳಿಗೆ ಬೈಬಲ್ ಸೊಸೈಟಿಯ ಹಳೆಯ ಸತ್ಯವೇದದ ಲಯವೇ ಚೆನ್ನ ಅನ್ನುವುದು ನನ್ನ ಅಭಿಪ್ರಾಯ. ಪ್ರವಾದಿಗಳ ಪುಸ್ತಕ, ಪೌಲನ ಪತ್ರಗಳನ್ನು ಈಚಿನ ಸರಳ ಅನುವಾದದಲ್ಲಿ ಓದಿದರೆ ತಲೆಗೆ ಬೇಗ ಹತ್ತುತ್ತದೆ. ಕಥೋಲಿಕ ಬೈಬಲಿನಲ್ಲಿ 73 ಪುಸ್ತಕ, ಪ್ರೊಟೆಸ್ಟಂಟ್ ಬೈಬಲಿನಲ್ಲಿ 66. ಹೆಸರುಗಳ ಕಾಗುಣಿತವೂ ಸ್ವಲ್ಪ ಬೇರೆ ಇರುತ್ತದೆ. ಗುಂಪಿನಲ್ಲಿ ಓದುವಾಗ ಅಧ್ಯಾಯ, ವಚನದ ಸಂಖ್ಯೆ ಹೇಳಿಬಿಟ್ಟರೆ ಗೊಂದಲ ಇರುವುದಿಲ್ಲ.

ಮೊಬೈಲ್ ಆ್ಯಪ್‌ನಲ್ಲಿ ಓದಿದ್ರೆ ನಡೆಯುತ್ತಾ?

ಧಾರಾಳವಾಗಿ. ಕಣ್ಣು ಮಂಜಾದ ಹಿರಿಯರಿಗೆ ಆಡಿಯೋ ಹಾಕಿಕೊಡಿ, ಅಕ್ಷರ ದೊಡ್ಡದು ಮಾಡಿಕೊಡಿ. ದಿನಕ್ಕೊಂದು ವಚನ ಕಳಿಸುವ ನೋಟಿಫಿಕೇಷನ್ ಮಾತ್ರ ಆಫ್ ಮಾಡಿ, ಅಥವಾ ಅದು ಬಂದಾಗ ಒತ್ತಿ ಇಡೀ ಅಧ್ಯಾಯ ತೆರೆಯಿರಿ.